ಅಡುಗೆಮನೆ ಹಿಂದಿನ ಮರ

ಕಾಫಿ ಸಂಶೋಧನಾ ಕೇಂದ್ರ, ಕಂಪಾಲದ ಹತ್ತಿರ
16 ಮಾರ್ಚ್ 1998

ಪ್ರೀತಿಯ ಸೆಂಗಾ,

ಮೊಣಕಾಲೂರಿ ವಂದನೆಗಳು. ನಿಮ್ಮ ಮರದ ಚಿಗುರು ಕಡ್ಡಿಗಳು ಬಾಡದೆ ಕೇಂದ್ರ ತಲುಪಿದವು. ನೀವು ಒದ್ದೆ ಬಾಳೆಪಟ್ಟೆಯಲ್ಲಿ ಸುತ್ತಿ, ಮೇಲೆ ನಿಮ್ಮ ಹಳೆಯ ಆಸ್ಪತ್ರೆಯ ಬಿಳಿ ಬಟ್ಟೆ ಕಟ್ಟಿ ಕೊಟ್ಟಿದ್ದಿರಲ್ಲ, ಟ್ಯಾಕ್ಸಿಯಲ್ಲಿ ಪಕ್ಕ ಕೂತಿದ್ದ ಹೆಂಗಸು ಬಹಳ ಹೊತ್ತು ನೋಡಿ, "ಮಗು ಯಾಕಮ್ಮ ಅಳೋದೇ ಇಲ್ಲ?" ಎಂದು ಕೇಳಿದಳು. "ಇದು ಹುಟ್ಟೋಕೆ ಇನ್ನೂ ನಾಲ್ಕು ತಿಂಗಳಿದೆ" ಎಂದೆ. ಆಮೇಲೆ ಕಂಪಾಲ ಬರುವವರೆಗೂ ಅವಳು ನನ್ನ ಕಡೆ ತಿರುಗಲಿಲ್ಲ.

ಅಪ್ಪನ ಅಕ್ಕನಾಗಿ, ಸೆಂಗಾ ಆಗಿ, ನನಗೆ ಮದುವೆಯ ಬುದ್ಧಿ ಹೇಳಬೇಕಾದವರು ನೀವು. ನಾನು ಬಂದದ್ದು ಮಾತ್ರ ಮರದ ಕಡ್ಡಿ ಕೇಳಲು. ಕೋಪವಿಲ್ಲ ತಾನೇ? ಈ ಸೊರಗು ರೋಗ ನಮ್ಮ ಬುಗೆರೆರೆ ಸೀಮೆಯ ಕಾಫಿಯನ್ನು ಹೇಗೆ ಒಣಗಿಸಿದೆ ಎಂದು ವರದಿಗಳಲ್ಲಿ ಓದಿದ್ದೆ. ಕಣ್ಣಾರೆ ಕಂಡಾಗ ಬೇರೆಯೇ ಆಯಿತು. ಅಜ್ಜ ನೆಟ್ಟ ಸಾಲುಗಳೆಲ್ಲ ಸೌದೆಯ ಹಾಗೆ ನಿಂತಿದ್ದವು. ತೊಗಟೆ ಕೆರೆದರೆ ಒಳಗಿನ ಮರ ಶಾಯಿ ಚೆಲ್ಲಿದಂತೆ ಕಪ್ಪು ನೀಲಿ. ಅವುಗಳ ನಡುವೆ ನಿಮ್ಮ ಅಡುಗೆಮನೆ ಹಿಂದಿನ ಆ ಒಂದು ಮರ ಏನೂ ಆಗದವರ ಹಾಗೆ ಹಸಿರಾಗಿ ನಿಂತಿತ್ತು.

ನಮ್ಮ ಮುಖ್ಯಸ್ಥರಾದ ಡಾಕ್ಟರ್ ಒಪಿಯೊ ಕೇಳುವುದು ಒಂದೇ ಪ್ರಶ್ನೆ. ಆ ಮರಕ್ಕೆ ರೋಗ ತಡೆಯುವ ಶಕ್ತಿ ಇದೆಯೋ, ಅಥವಾ ರೋಗ ಅದನ್ನು ಇನ್ನೂ ಮುಟ್ಟಿಲ್ಲವೋ? ತಿಳಿಯುವ ದಾರಿ ಒಂದೇ. ಕಡ್ಡಿಗಳಿಗೆ ಬೇರು ಬರಿಸುತ್ತೇವೆ. ಗಿಡವಾಗಿ ಬಲಿತ ಮೇಲೆ ನಾವೇ ಅವಕ್ಕೆ ರೋಗ ಅಂಟಿಸಿ ಕಾದು ನೋಡುತ್ತೇವೆ.

ಅಪ್ಪನ ವಿಷಯ ನಿಮಗೆ ಗೊತ್ತೇ ಇದೆ. ಆ ಲಾರಿ ಮಾಲೀಕನ ಸಂಬಂಧ ನಾನು ಬೇಡವೆಂದ ದಿನದಿಂದ ನಮ್ಮಿಬ್ಬರಿಗೆ ಎರಡು ವರ್ಷ ಮಾತಿರಲಿಲ್ಲ. ಈ ಸಲ ಹಲಸಿನ ಹಣ್ಣು ಬಿಡಿಸಿ ನನ್ನ ಮುಂದೆ ಇಟ್ಟು, "ತಿನ್ನು, ಅಲ್ಲೆಲ್ಲಿ ಸಿಗುತ್ತೆ ನಿಂಗೆ" ಎಂದರು. ಇಲ್ಲಿ ಗೇಟಿನ ಹೊರಗೇ ಮಾರುತ್ತಾರೆ. ನಾನು ಹೇಳಲಿಲ್ಲ.

ಮರವನ್ನು ನೋಡಿಕೊಳ್ಳಿ.

ನಿಮ್ಮ ಪೆರುಸಿ


ಬುಕೋಲೊ, ಬುಗೆರೆರೆ
ಗರಿಗಳ ಭಾನುವಾರ, 5 ಏಪ್ರಿಲ್ 1998

ಮಗಳೇ ಪೆರುಸಿ,

ನಿನ್ನ ಕಾಗದವನ್ನು ಟ್ಯಾಕ್ಸಿಯವನು ಚರ್ಚು ಬಿಡುವ ಹೊತ್ತಿಗೆ ತಂದುಕೊಟ್ಟ. ಅಲ್ಲೇ ನಿಂತು ಓದಿದೆ. ಓದಬಾರದಿತ್ತು. 'ನಾವೇ ರೋಗ ಅಂಟಿಸುತ್ತೇವೆ' ಎಂಬಲ್ಲಿಗೆ ಬಂದಾಗ ನನ್ನ ಬಾಯಿ ತಾನಾಗಿ ಗಟ್ಟಿಯಾಗಿ ಓದಿಬಿಟ್ಟಿತು, ತಾಯಂದಿರ ಸಂಘದವರೆಲ್ಲ ಕೇಳಿಸಿಕೊಂಡರು. ಈಗ ಊರಲ್ಲಿ ಸುದ್ದಿ ಏನೆಂದರೆ, ಈ ಮಿರಿಯಾಮು ನಂಬೂಸಿಯ ತಮ್ಮನ ಮಗಳು ಸರ್ಕಾರದ ಸಂಬಳ ತೆಗೆದುಕೊಂಡು ಕಾಫಿಗೆ ರೋಗ ಹಚ್ಚುತ್ತಾಳೆ.

ನಾನು ಇಷ್ಟು ವರ್ಷ ಮಿಷನ್ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿದವಳು. ಹುಟ್ಟಿದ ಕೂಸನ್ನು ಕೆಮ್ಮುವವರ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ನೀನು ಕೂಸು ಕಣ್ಣು ಬಿಡುವುದನ್ನೇ ಕಾದು ರೋಗ ಅಂಟಿಸುತ್ತೀಯ. ಕಲಿತವರ ದಾರಿ ಬೇರೆ ಇರಬಹುದು. ನನ್ನ ಮರದ ಮಕ್ಕಳಿಗೆ ಏನಾದರೂ ಆದರೆ ನಿನ್ನ ಡಾಕ್ಟರ್ ಒಪಿಯೊನನ್ನು ನಾನು ನೋಡಿಕೊಳ್ಳುತ್ತೇನೆ.

ನನ್ನನ್ನು ಕೇಳಿದ್ದರೆ ಪರೀಕ್ಷೆಯೇ ಬೇಡವಾಗಿತ್ತು. ಆ ಮರ ಉಳಿದದ್ದು ನೇರಳೆ ನೀರಿನಿಂದ. ಮನೆಗೆ ಬಂದ ಬಸುರಿಯರನ್ನು ನೋಡಿ ಕೈ ತೊಳೆದ ಪೊಟ್ಯಾಶಿಯಂ ಹರಳಿನ ನೇರಳೆ ನೀರನ್ನು ಎಲ್ಲಿಗೆ ಚೆಲ್ಲುತ್ತಿದ್ದೆ? ಅಡುಗೆಮನೆ ಹಿಂದಕ್ಕೆ. ಈ ಮಾತು ಕೇಳಿ ನಾಲ್ಕು ಮನೆಯವರು ಅಂಗಡಿಯಿಂದ ಆ ಹರಳು ತಂದು ತಮ್ಮ ಗಿಡಗಳಿಗೆ ಹುಯ್ದರು. ಅವರ ಗಿಡ ಸತ್ತವು. ತಡವಾಗಿ ಶುರು ಮಾಡಿದರು ಅಂತ ನಾನು ಹೇಳಿದೆ.

ನಿನ್ನ ಅಪ್ಪ ಯೊಸಾಮು ತನ್ನ ಸತ್ತ ಕಾಫಿಯನ್ನೆಲ್ಲ ಕಿತ್ತು ಅನಾನಸ್ ನೆಡುತ್ತಿದ್ದಾನೆ. ದಿನಾ ಸಂಜೆ ಬಂದು ನನ್ನ ತಲೆ ತಿನ್ನುತ್ತಾನೆ. "ಅಕ್ಕ, ಆ ಒಣಗಿದ ಸಾಲು ಕಿತ್ತು ಸುಟ್ಟುಬಿಡೋಣ. ಇಟ್ಕೊಂಡು ಏನು ಮಾಡ್ತೀಯ, ಪೂಜೆನಾ?" ಅಂತ. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಬೇರೆ ಕಡೆ ನೋಡಿಕೊಂಡು, "ಆ ಹುಡುಗಿ ಸರಿಯಾಗಿ ಊಟ ಗೀಟ ಮಾಡ್ತಾಳಂತಾ?" ಅಂತಾನೆ. ಹೆಸರು ಹೇಳುವುದಿಲ್ಲ.

ಮಾಡು ಊಟ. ಬರಿ ಬ್ರೆಡ್ಡು ಚಹಾದಲ್ಲಿ ದಿನ ಕಳೆಯಬೇಡ.

ನಿನ್ನ ಸೆಂಗಾ, ನಂಬೂಸಿ


ಸಂಶೋಧನಾ ಕೇಂದ್ರ
26 ಜುಲೈ 1998

ಪ್ರೀತಿಯ ಸೆಂಗಾ,

ಮೊಣಕಾಲೂರಿ ವಂದನೆಗಳು. ನಿಮ್ಮ ಮರದ ಮಕ್ಕಳು ಬೇರು ಬಿಟ್ಟಿವೆ. ಪ್ಲಾಸ್ಟಿಕ್ ಹಾಳೆ ಮುಚ್ಚಿದ ಮರಳಿನ ಪೆಟ್ಟಿಗೆಯಲ್ಲಿ ಬೆಚ್ಚಗೆ ಒದ್ದೆಯಾಗಿ ಇಟ್ಟಿದ್ದೆವು. ಮೊನ್ನೆ ಒಂದನ್ನು ಮೆಲ್ಲಗೆ ಎತ್ತಿ ನೋಡಿದೆ. ಬೆಳ್ಳಗೆ, ನೂಲಿನಷ್ಟು ತೆಳುವಾದ ಬೇರು. ತಕ್ಷಣ ಮುಚ್ಚಿಬಿಟ್ಟೆ. ಎಷ್ಟು ಬಂದಿವೆ ಎಂದು ಕೇಳಬೇಡಿ, ನಿಮ್ಮ ಆಸ್ಪತ್ರೆಯಲ್ಲೂ ಕೂಸುಗಳನ್ನು ಹಾಗೆ ಎಣಿಸಿದರೆ ಬಯ್ಯುತ್ತಿದ್ದಿರಂತೆ. ಸಾಕಷ್ಟಿವೆ.

ನೇರಳೆ ನೀರಿನ ಕಥೆಯನ್ನು ಡಾಕ್ಟರ್ ಒಪಿಯೊಗೆ ಹೇಳಿದೆ. ಅವರು ನಗಲಿಲ್ಲ. "ಅದೂ ಇರಬಹುದು. ಇದ್ದರೆ ಮಕ್ಕಳು ಸಾಯ್ತಾವೆ, ಅವಕ್ಕೆ ಇಲ್ಲಿ ನೇರಳೆ ನೀರು ಹಾಕೋರು ಯಾರೂ ಇಲ್ವಲ್ಲ" ಎಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಿಮ್ಮ ಮಾತೇ ನಿಜವಾಗಿ, ಮರದ್ದು ಸ್ವಂತ ಶಕ್ತಿ ಏನೂ ಇಲ್ಲದೆ ಹೋದರೆ?

ನೀವು ಗಾಬರಿಯಾದ ಆ ರೋಗ ಹೇಗಿರುತ್ತದೆ ಗೊತ್ತೇ? ಗಾಜಿನ ತಟ್ಟೆಯಲ್ಲಿ ಅದಕ್ಕೆ ಊಟ ಹಾಕಿ ಬೆಳೆಸುತ್ತೇವೆ. ಮೊದಲು ಹತ್ತಿಯ ಹಾಗೆ ಬೆಳ್ಳಗಿನ ಬೂಷ್ಟು, ಆಮೇಲೆ ಅಂಚಿಗೆ ತಿಳಿ ನೇರಳೆ. ನೋಡಲು ಚೆಂದ. ಅದನ್ನು ನೀರಿನಲ್ಲಿ ಕದಡಿ, ಗಿಡದ ಕಾಂಡಕ್ಕೆ ಬ್ಲೇಡಿನಿಂದ ಸಣ್ಣ ಗಾಯ ಮಾಡಿ ಒಂದು ಹನಿ ಬಿಡುತ್ತೇವೆ. ಜೊತೆಗೆ ರೋಗ ತಡೆಯಲಾರವೆಂದು ಗೊತ್ತಿರುವ ಬೇರೆ ಗಿಡಗಳಿಗೂ ಅದೇ ಹನಿ. ಅವು ಸತ್ತರೆ ರೋಗಕ್ಕೆ ಶಕ್ತಿ ಇತ್ತೆಂದು ಅರ್ಥ. ಅವುಗಳ ಪಕ್ಕದಲ್ಲಿ ನಿಮ್ಮವು ನಿಂತರೆ, ಆಗ ಮಾತು.

ಮರ ಹೇಗಿದೆ? ಈ ಸಲ ಹೂವು ಬಂತೇ?

ನಿಮ್ಮ ಪೆರುಸಿ


ಬುಕೋಲೊ
6 ಸೆಪ್ಟೆಂಬರ್ 1998

ಮಗಳೇ ಪೆರುಸಿ,

ಬರೆಯುವುದು ತಡವಾಯಿತು. ಜಿಂಜಾದಲ್ಲಿ ನನ್ನ ಗೆಳತಿಯ ಮೊಮ್ಮಗಳ ಮದುವೆ. ಎರಡು ವಾರ ಅಲ್ಲೇ ಇಟ್ಟುಕೊಂಡರು. ಬಾಳೆಕಾಯಿಯ ಮಟೋಕೆ ಬೇಯಿಸುವವರಿಗೆ ಉಪ್ಪು ಎಷ್ಟು ಹಾಕಬೇಕೆಂಬುದೂ ಗೊತ್ತಿರಲಿಲ್ಲ, ಕಡಲೆಕಾಯಿ ಸಾರು ನೀರಿನಂತಿತ್ತು, ಆದರೆ ಮದುಮಗಳು ಸುಂದರಿ. ಗಂಡು ಸ್ವಲ್ಪ ಕುಳ್ಳ. ಕುಳ್ಳಗಿದ್ದರೂ ಪರವಾಗಿಲ್ಲ ಎಂದು ನಿನಗೂ ತಿಳಿದಿರಲಿ ಅಂತ ಬರೆದೆ.

ನಿನ್ನ ಅಪ್ಪ ಈಗ ದಿನಾ ಬಾವಿಯಿಂದ ನನಗೆ ನೀರು ತಂದುಕೊಡುತ್ತಾನೆ. ಮಾಡಿನ ತಗಡು ಸರಿಮಾಡಿದ. ಮೊನ್ನೆ ಒಂದು ಹುಂಜ ತಂದು ಕಟ್ಟಿ ಹೋದ. ಯಾಕೆ ಎಂದು ಕೇಳಬೇಡ. ವಯಸ್ಸಾದ ಮೇಲೆ ಕೆಲವು ಗಂಡಸರಿಗೆ ಬುದ್ಧಿ ಬರುತ್ತದೆ.

ಮರದ ವಿಷಯ ಕೇಳಿದ್ದೀಯ. ನೀನು ಕಂಡ ಹಾಗೆಯೇ ನೆನಪಿಟ್ಟುಕೋ. ನಿನ್ನ ಹತ್ತಿರ ಇರುವ ಮಕ್ಕಳನ್ನು ಚೆನ್ನಾಗಿ ನೋಡಿಕೋ. ಅವಸರ ಮಾಡಬೇಡ. ರೋಗ ಅಂಟಿಸುವುದು ಇನ್ನೊಂದು ವರ್ಷ ತಡವಾದರೆ ಲೋಕವೇನೂ ಮುಳುಗುವುದಿಲ್ಲ ಅಲ್ಲವೇ?

ನಿನ್ನ ಸೆಂಗಾ


ಸಂಶೋಧನಾ ಕೇಂದ್ರ
3 ಅಕ್ಟೋಬರ್ 1998

ಪ್ರೀತಿಯ ಸೆಂಗಾ,

ಮೊಣಕಾಲೂರಿ ವಂದನೆಗಳು. ಅಪ್ಪ ನಿಮಗೆ ನೀರು ಹೊರುತ್ತಾರೆಂದು ಓದಿ ಬಹಳ ಸಂತೋಷವಾಯಿತು. ಆ ಸಾಲನ್ನು ಮತ್ತೆ ಮತ್ತೆ ಓದಿದೆ. ನಾನು ಮನೆಗೆ ಬಂದು ಹೋದದ್ದರಿಂದಲೇ ಅವರ ಮನಸ್ಸು ಮೆತ್ತಗಾಯಿತೇನೋ. ಅವರಿಗೆ ಒಂದು ಸ್ವೆಟರ್ ತೆಗೆದಿಟ್ಟಿದ್ದೇನೆ, ಹೇಳಬೇಡಿ.

ಈಗ ನಿಜ ಹೇಳುತ್ತೇನೆ. ಜುಲೈನಲ್ಲಿ ಸಾಕಷ್ಟಿವೆ ಎಂದು ಬರೆದದ್ದು ನಿಮಗೆ ಬೇಸರವಾಗಬಾರದೆಂದು. ಬೇರು ಬಿಟ್ಟದ್ದು ಬಹಳ ಕಡಿಮೆ. ಬಾಳೆಪಟ್ಟೆಯಲ್ಲಿ ಬಂದವುಗಳಲ್ಲಿ ಹೆಚ್ಚಿನವು ಕಪ್ಪಾಗಿ ಹೋದವು. ಉಳಿದ ಗಿಡಗಳೆಲ್ಲ ಒಂದು ಮೇಜಿನ ಮೂಲೆಯಲ್ಲಿ ಹಿಡಿಸುತ್ತವೆ.

ನಿನ್ನೆ ಡಾಕ್ಟರ್ ಒಪಿಯೊ ಕೇಳಿದರು, "ಒಂದೆರಡು ತೆಗೆದಿಡೋಣ್ವಾ? ಎಲ್ಲಾನೂ ರೋಗಕ್ಕೆ ಕೊಟ್ಟು ಎಲ್ಲಾ ಸತ್ತರೆ ನಮ್ಮ ಕೈಯಲ್ಲಿ ಏನೂ ಇರಲ್ಲ." ನಾನೇ ಬೇಡವೆಂದೆ. ಕಡಿಮೆ ಗಿಡಗಳಿಂದ ಬಂದ ಫಲಿತಾಂಶವನ್ನು ಯಾರೂ ನಂಬುವುದಿಲ್ಲ. "ತಾಯಿ ಮರ ನಮ್ಮ ಸೆಂಗಾ ಹತ್ರ ಭದ್ರವಾಗಿದೆ ಸರ್, ಬೇಕಾದಾಗ ಹೋಗಿ ಮತ್ತೆ ಕಡ್ಡಿ ತರ್ತೀನಿ" ಎಂದೆ. ಅವರು ಒಪ್ಪಿದರು.

ಹನ್ನೆರಡನೇ ತಾರೀಕು ಸೋಮವಾರ ಎಲ್ಲಕ್ಕೂ ರೋಗ ಅಂಟಿಸುತ್ತೇವೆ. ಪ್ರಾರ್ಥನೆಯಲ್ಲಿ ನೆನೆಸಿಕೊಳ್ಳಿ.

ನಿಮ್ಮ ಪೆರುಸಿ


ಬುಕೋಲೊ
ಭಾನುವಾರ, 11 ಅಕ್ಟೋಬರ್ 1998

ಪೆರುಸಿ,

ನಿನ್ನ ಕಾಗದ ನಿನ್ನೆ ಸಂಜೆ ಸಿಕ್ಕಿತು. ಇದನ್ನು ನಾಳೆಯ ಮೊದಲ ಟ್ಯಾಕ್ಸಿಗೆ ಕೊಡುತ್ತೇನೆ. ನಿನ್ನ ಕೈ ಸೇರುವ ಮೊದಲು ಬ್ಲೇಡು ಹಿಡಿದಿರಬೇಡ. ಎರಡು ಗಿಡವಾದರೂ ತೆಗೆದಿಡು. ಮರ ಇಲ್ಲ.

ಜಿಂಜಾದ ಮದುವೆಗೆ ಹೋಗಿದ್ದೆನಲ್ಲ, ಆಗ ಬೇಸಾಯ ಇಲಾಖೆಯವರು ಬಂದು ರೋಗದ ಮರಗಳನ್ನೆಲ್ಲ ಬೇರು ಸಮೇತ ಕಿತ್ತು ಅಲ್ಲೇ ಸುಡಬೇಕು, ಇಲ್ಲದಿದ್ದರೆ ಹರಡುತ್ತದೆ ಎಂದು ಊರವರಿಗೆಲ್ಲ ಹೇಳಿ ಹೋದರಂತೆ. ನಿನ್ನ ಅಪ್ಪ ನನ್ನ ಒಣಗಿದ ಸಾಲನ್ನು ಕಿತ್ತ. ಕೀಳುತ್ತ ಬಂದು ಹಸಿರಾಗಿದ್ದದ್ದನ್ನೂ ಕಿತ್ತ. ನಾನು ಬಂದಾಗ ಅಡುಗೆಮನೆ ಹಿಂದೆ ಬೂದಿ ಹರಡಿ, ಮೇಲೆ ಸಾಲಾಗಿ ಬಲಿತ ಅನಾನಸ್ ಕಂದು ನೆಟ್ಟಿದ್ದ. ಹಲ್ಲು ಬಿಟ್ಟುಕೊಂಡು ಎದುರಿಗೆ ಬಂದ.

"ನೋಡಕ್ಕ, ನೀನು ಬರೋದ್ರೊಳಗೆ ಎಲ್ಲಾ ಚೊಕ್ಕ ಮಾಡಿಬಿಟ್ಟೆ."

"ಆ ಮರ ಎಲ್ಲಿ ಯೊಸಾಮು?"

"ಯಾವ್ದು? ಆ ಕೊನೇದಾ? ಅದ್ಯಾಕೆ ಇನ್ನು, ಹುಡುಗಿ ತನಗೆ ಬೇಕಾದ್ದು ಕಿತ್ಕೊಂಡು ಹೋದ್ಲಲ್ಲ."

"ಅದು ಅವಳ ಮರ ಕಣೋ. ಅವಳು ಅದನ್ನ ನಂಬ್ಕೊಂಡು ಕೂತಿದಾಳೆ."

ಅವನ ಮುಖದಿಂದ ಆ ನಗು ಇಳಿದದ್ದನ್ನು ನೀನು ನೋಡಬೇಕಾಗಿತ್ತು. ಕೆಳಗೆ ಕೂತ. ನಿನಗೆ ಹೇಳಬೇಡ ಎಂದು ಅವನು ನನ್ನನ್ನು ಬೇಡಿಕೊಳ್ಳಲಿಲ್ಲ. ಬೇಡಿಕೊಂಡಿದ್ದರೆ ಬಯ್ದು ಅಂದೇ ಬರೆಯುತ್ತಿದ್ದೆ. ಬಹಳ ಹೊತ್ತು ಆ ಬೂದಿಯನ್ನೇ ನೋಡುತ್ತಿದ್ದು, "ಈಗಷ್ಟೇ ಮಾತಾಡಿದ್ಲು ನನ್ನ ಹತ್ರ" ಎಂದ. ಅಷ್ಟೇ. ಆಮೇಲೆ ನನಗೆ ಬರೆಯಲು ಕೈ ಬರಲಿಲ್ಲ. ನಿನ್ನ ಹತ್ತಿರ ಮಕ್ಕಳು ಬೇಕಾದಷ್ಟಿವೆ ಎಂದು ನೀನೇ ಬರೆದಿದ್ದೆ, ಅದನ್ನು ನಂಬಿ ಸುಮ್ಮನಿದ್ದೆ.

ನೀರು, ತಗಡು, ಹುಂಜ ಎಲ್ಲ ಅದಕ್ಕೇ.

ಸೆಂಗಾ


ಸಂಶೋಧನಾ ಕೇಂದ್ರ
16 ಅಕ್ಟೋಬರ್ 1998

ಸೆಂಗಾ,

ನಿಮ್ಮ ಕಾಗದ ಬುಧವಾರ ಸಿಕ್ಕಿತು. ಕೆಲಸ ಸೋಮವಾರವೇ ಮುಗಿದಿತ್ತು. ಒಂದನ್ನೂ ಬಿಟ್ಟಿಲ್ಲ.

ಇನ್ನು ಆರು ತಿಂಗಳು ಕಾಯಬೇಕು. ನಿಮಗೆ ನಾನು ಸುಳ್ಳು ಬರೆದೆ, ನನಗೆ ನೀವು ಸುಳ್ಳು ಬರೆದಿರಿ. ಇಬ್ಬರೂ ಒಳ್ಳೆಯದಕ್ಕೇ ಬರೆದೆವು. ಈಗ ಅದರ ಬಗ್ಗೆ ಬರೆಯಲು ನನ್ನಿಂದಾಗುವುದಿಲ್ಲ. ಅಪ್ಪನಿಗೆ ನನಗೆ ಗೊತ್ತಾಯಿತೆಂದು ಹೇಳಬೇಡಿ.

ಪೆರುಸಿ


ಬುಕೋಲೊ
6 ಡಿಸೆಂಬರ್ 1998

ಮಗಳೇ,

ಎರಡು ತಿಂಗಳಾಗುತ್ತ ಬಂತು, ನಿನ್ನಿಂದ ಕಾಗದವಿಲ್ಲ. ಕ್ರಿಸ್‌ಮಸ್‌ಗೆ ಬರುವುದಿಲ್ಲವೆಂದು ಟ್ಯಾಕ್ಸಿಯವನ ಕೈಲಿ ಬಾಯಿಮಾತಿನಲ್ಲಿ ಹೇಳಿ ಕಳಿಸಿದೆಯಂತೆ. ಗಿಡಗಳಿಗೆ ನೀರು ಹಾಕಲು ಬೇರೆಯವರು ಅಲ್ಲಿ ಇಲ್ಲವೇ? ಇರಬಹುದು. ನೀನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಇದರ ಜೊತೆ ಹುರಿದ ಮಿಡತೆಯ ಡಬ್ಬಿ ಕಳಿಸಿದ್ದೇನೆ. ಈ ವರ್ಷ ದೀಪಕ್ಕೆ ಮುತ್ತಿಕೊಂಡು ಬಿದ್ದವು, ಬಕೆಟ್‌ಗಟ್ಟಲೆ. ನನ್ನ ಕಾಲದಲ್ಲಿ ಹೆಣ್ಣುಮಕ್ಕಳು ಮಿಡತೆ ಹಿಡಿದು ರೆಕ್ಕೆ ಕಿತ್ತು ಹುರಿದು ಗಂಡಂದಿರಿಗೆ ಬಡಿಸಿ, ತಾವು ತಿನ್ನಬಾರದಾಗಿತ್ತು. ನಾನು ಹುರಿಯುವಾಗಲೇ ತಿನ್ನುತ್ತಿದ್ದೆ. ಡಾಕ್ಟರ್ ಒಪಿಯೊಗೂ ಕೊಡು. ಗಿಡಗಳ ಬಗ್ಗೆ ಅವರಿಗೆ ಬೇಸರ ಬಾರದಿರಲಿ.

ನೀನು ಹೇಳಿದಂತೆ ನಾನು ಯೊಸಾಮುವಿಗೆ ಏನೂ ಹೇಳಿಲ್ಲ. ಆದರೆ ಅವನಿಗೂ ಕಣ್ಣಿದೆ. ಶನಿವಾರ ಟ್ಯಾಕ್ಸಿ ಬರುವ ಹೊತ್ತಿಗೆ ಅಂಗಡಿ ಕಟ್ಟೆಯ ಮೇಲೆ ಕೂತಿರುತ್ತಾನೆ. ಕಾಗದ ಇಲ್ಲವೆಂದರೆ, "ಕೆಲ್ಸ ಜಾಸ್ತಿ ಇರುತ್ತೆ ಅಲ್ಲಿ" ಎಂದು ತಾನೇ ಎಲ್ಲರಿಗೂ ಹೇಳಿ ಮನೆಗೆ ಹೋಗುತ್ತಾನೆ.

ಒಂದು ಮಾತು ನನ್ನ ಮನಸ್ಸಿನಲ್ಲಿ ಕೊರೆಯುತ್ತಿದೆ. ನೇರಳೆ ನೀರಿನ ಜಂಬ ನಾನು ಊರೆಲ್ಲ ಹೇಳಿಕೊಂಡು ಬಂದೆ. ಈಗ ದಿನಾ ಬೆಳಿಗ್ಗೆ ಆ ಮಾತು ಸುಳ್ಳಾಗಲಿ ಎಂದು ಪ್ರಾರ್ಥನೆ ಮಾಡುತ್ತಿದ್ದೇನೆ.

ಒಂದು ಸಾಲು ಬರೆ. ಗಿಡದ ಬಗ್ಗೆ ಬೇಡ. ನಿನ್ನ ಬಗ್ಗೆ ಬರೆ.

ನಿನ್ನ ಸೆಂಗಾ


ಸಂಶೋಧನಾ ಕೇಂದ್ರ
28 ಮಾರ್ಚ್ 1999

ಪ್ರೀತಿಯ ಸೆಂಗಾ,

ಮೊಣಕಾಲೂರಿ ವಂದನೆಗಳು. ಇಷ್ಟು ದಿನ ಬರೆಯದಿದ್ದಕ್ಕೆ ಬಯ್ಯಿರಿ, ಆದರೆ ಮೊದಲು ಇದನ್ನು ಪೂರ್ತಿ ಓದಿ.

ಗುರುವಾರ ಬೆಳಿಗ್ಗೆ ಗೇಟಿನ ಕಾವಲುಗಾರ ಬಂದು, "ಮೇಡಂ, ನಿಮ್ಮ ತಂದೆ ಅಂತ ಒಬ್ರು ಬಂದಿದಾರೆ. ಅನಾನಸ್ ಇಲ್ಲೇ ಬಿಟ್ಟು ಒಳಗೆ ಹೋಗಿ ಅಂದ್ರೆ ಕೇಳ್ತಿಲ್ಲ" ಎಂದ. ಓಡಿಹೋದೆ. ಚರ್ಚಿನ ಕೋಟು ಹಾಕಿಕೊಂಡು, ಕಂಕುಳಲ್ಲಿ ಎರಡು ಅನಾನಸ್ ಹಿಡಿದು ಅಪ್ಪ ನಿಂತಿದ್ದರು. ಹೊರಗಿನ ಗಿಡ, ಹಣ್ಣು, ಮಣ್ಣು ಯಾವುದನ್ನೂ ಒಳಗೆ ತರುವಂತಿಲ್ಲ ಎಂದು ನಾನು ವಿವರಿಸಿದೆ. "ಹಣ್ಣಿಗೆ ಏನು ರೋಗ ಇದೆ? ನಂದು ಇದು" ಎಂದರು. ಕೊನೆಗೆ ಕಾವಲುಗಾರನಿಗೇ ಕೊಟ್ಟರು. ಅವನೊಬ್ಬ ಅವತ್ತು ಬಹಳ ಸಂತೋಷವಾಗಿದ್ದ.

ಗಿಡಗಳನ್ನು ಇಟ್ಟಿರುವ ಗಾಜಿನ ಮನೆಯ ಬಾಗಿಲಲ್ಲಿ ರೋಗನಾಶಕದ ತಟ್ಟೆ ಇದೆ, ಅದರಲ್ಲಿ ಚಪ್ಪಲಿ ಶೂ ಅದ್ದಿಯೇ ಒಳಗೆ ಬರಬೇಕು. ಅಪ್ಪ ತಮ್ಮ ಚರ್ಚಿನ ಶೂ ನೋಡಿದರು, ತಟ್ಟೆ ನೋಡಿದರು. "ಇದು ಅಕ್ಕನ ನೇರಳೆ ನೀರೇನು?" ಎಂದು ಕೇಳಿ ಅದ್ದಿದರು.

ಒಳಗೆ ಮೊದಲು ಸಿಗುವುದು ರೋಗ ತಡೆಯದ ಗಿಡಗಳ ಮೇಜು. ನಿಮ್ಮ ಗಿಡಗಳ ಜೊತೆಗೇ ಅಂಟಿಸಿದ್ದೆವಲ್ಲ, ಅವು. ಎಲ್ಲ ಎಲೆ ಸುರುಟಿ, ಉದುರಿ, ಕಡ್ಡಿಯಾಗಿ ನಿಂತಿವೆ. ಅಪ್ಪ ಅಲ್ಲೇ ನಿಂತುಬಿಟ್ಟರು. ಸತ್ತ ಕಾಫಿಯನ್ನು ಅವರಿಗೆ ಯಾರೂ ತೋರಿಸಿ ಹೇಳಬೇಕಾಗಿಲ್ಲ.

"ಇವನ್ನೆಲ್ಲ ನೀನೇ ಸಾಯಿಸಿದ್ದಾ?"

"ಹೌದಪ್ಪ."

"ಬೇಕು ಅಂತಾನೇ?"

"ಬೇಕು ಅಂತಾನೇ."

ಅಪ್ಪ ಒಂದು ಒಣಗಿದ ಕಡ್ಡಿ ಮುಟ್ಟಿದರು. "ನಾನು ಬೇಕು ಅಂತ ಮಾಡ್ಲಿಲ್ಲ" ಎಂದರು.

ಅವರೇ ಹೇಳಲಿ ಎಂದು ಕಾದೆ. ಅವರು ಅನಾನಸ್ ರೇಟಿನಿಂದ ಶುರು ಮಾಡಿ, ಜಿಂಜಾ ಮದುವೆಗೆ ಬಂದು, ಇಲಾಖೆಯವರ ಹತ್ತಿರ ಹೋಗಿ, ಅಲ್ಲಿಂದ ಗುದ್ದಲಿಗೆ ಬಂದರು. "ಅಕ್ಕನ ಮರ ನಾನೇ ಕಿತ್ತೆ ಕಣಮ್ಮ. ನನಗೆ ಗೊತ್ತಿರ್ಲಿಲ್ಲ. ಕಿತ್ತಾಗ ಬೇರು ಬಿಡ್ತಾನೇ ಇರ್ಲಿಲ್ಲ, ಆಗ್ಲಾದ್ರೂ ತಿಳೀಬೇಕಾಗಿತ್ತು."

"ನಂಗೊತ್ತು."

"ಯಾವಾಗಿಂದ?"

"ಅಕ್ಟೋಬರಿಂದ."

"ಮತ್ತೆ ಬಂದು ಯಾಕೆ ಬಯ್ಲಿಲ್ಲ ನೀನು?"

"ಬಯ್ದ್ರೆ ನೀವು ಮತ್ತೆ ಎರಡು ವರ್ಷ ಮಾತು ಬಿಡ್ತೀರಿ."

ಅಪ್ಪ ನನ್ನ ಮುಖ ನೋಡಿದರು. "ಅದಕ್ಕೆ ನೀನೇ ಮೊದ್ಲು ಬಿಟ್ಬಿಟ್ಯಾ?" ಎಂದರು. ಸೆಂಗಾ, ನನಗೆ ಅಳು ಬಂತು. ಅವರಿಗೂ ಬಂತು, ಆದರೆ ಅವರು ಗಾಜಿನ ಮನೆಯ ಸೆಕೆ ಎಂದು ಬೆವರು ಒರೆಸಿಕೊಂಡರು.

ಆಮೇಲೆ ನಿಮ್ಮ ಗಿಡಗಳ ಮೂಲೆಗೆ ಕರೆದೊಯ್ದೆ. ಐದೂವರೆ ತಿಂಗಳಾದರೂ ನಿಂತಿವೆ. ಗಾಯ ಮಾಡಿದ ಜಾಗ ಸಣ್ಣ ಗಂಟಾಗಿ ಮುಚ್ಚಿಕೊಂಡಿದೆ, ಮೇಲೆ ಹೊಸ ಎಲೆ. ಒಂದನ್ನು ಬಿಟ್ಟು. ಅಪ್ಪನ ಬೆರಳು ನೇರ ಆ ಒಂದರ ಕಡೆಗೇ ಹೋಯಿತು.

"ಇದಕ್ಕೇನಾಗಿದೆ?"

ಅದರ ಎಲೆಗಳು ಕೆಲವು ದಿನಗಳಿಂದ ಹಳದಿಯಾಗುತ್ತಿದ್ದವು. ಈ ಕೆಲವು ದಿನವಂತೂ ನಾನು ಬರೆಯದೆ ಇದ್ದದ್ದು ಅದಕ್ಕೇ. ಡಾಕ್ಟರ್ ಒಪಿಯೊ ಕಾಂಡ ಕೆರೆದು ನೋಡು ಎಂದಿದ್ದರು. ನಾಳೆ, ನಾಳೆ ಎನ್ನುತ್ತಿದ್ದೆ. ಎಲ್ಲವೂ ಒಂದೇ ತಾಯಿಯ ಕಡ್ಡಿಗಳು. ಒಂದಕ್ಕೆ ಒಳಗೆ ಕಪ್ಪು ಹಿಡಿದಿದ್ದರೆ ಉಳಿದವು ಇವತ್ತಲ್ಲ ನಾಳೆ ಅದೇ ದಾರಿ.

ಅಪ್ಪನಿಗೆ ಇದನ್ನು ಹೇಳಿದೆ. "ಚಾಕು ಇದೆಯಾ? ಕಡಿಯೋದು ನನಗೆ ಅಭ್ಯಾಸ ಆಗಿದೆ, ಕೊಡು" ಎಂದರು.

"ಬೇಡಪ್ಪ, ನಾನೇ ನೋಡ್ತೀನಿ."

ಕುಂಡದಿಂದ ಗಿಡ ಎತ್ತಿ ಮೇಜಿನ ಮೇಲೆ ಮಲಗಿಸಿದೆ. ಗಾಯದ ಮೇಲೆ ಬ್ಲೇಡಿಟ್ಟು ತೊಗಟೆ ಕೆರೆದೆ. ಕೆಳಗೆ ಇಳಿದೆ, ಮೇಲೆ ಹೋದೆ. ಒಳಗಿನ ಮರ ಬೆಳ್ಳಗಿತ್ತು, ಸುಲಿದ ಮರಗೆಣಸಿನ ಹಾಗೆ. ಅಪ್ಪ ಬಗ್ಗಿ, ನಂಬದವರ ಹಾಗೆ ಬೆರಳಿನಿಂದ ಒರೆಸಿ ನೋಡಿದರು. ಬೇರಿನ ಕಡೆ ತಿರುಗಿಸಿದಾಗ ಕಾರಣ ಸಿಕ್ಕಿತು. ಬೇರಿನ ತುದಿಗಳು ನೀರು ನಿಂತು ಕೊಳೆತಿದ್ದವು. ಮೇಲೆ ನೋಡಿದರೆ ನೀರಿನ ಪೈಪಿನ ಕೊಂಡಿ ಸಡಿಲವಾಗಿ, ಆ ಒಂದು ಕುಂಡಕ್ಕೆ ಸರಿಯಾಗಿ ಹನಿ ಬೀಳುತ್ತಿತ್ತು. ಸೊರಗು ರೋಗವಲ್ಲ. ನಾನು ನೋಡದೆ ಬಿಟ್ಟ ತೊಟ್ಟಿಕ್ಕುವ ನೀರು.

"ಅಂದ್ರೆ?" ಎಂದರು ಅಪ್ಪ.

"ಅಂದ್ರೆ ಇದಕ್ಕೆ ರೋಗ ಹತ್ತಿಲ್ಲ. ಯಾವುದಕ್ಕೂ ಹತ್ತಿಲ್ಲ. ಸೆಂಗಾ ಮರ ಸತ್ತಿಲ್ಲಪ್ಪ, ಇಲ್ಲೇ ಇದೆ."

ಅವರು ಅಲ್ಲಿದ್ದ ಬೋರಲು ಬಕೆಟ್ಟಿನ ಮೇಲೆ ಕೂತರು. ಕೋಟಿನ ಜೇಬಿನಿಂದ, ನಂಟರಿಗೆ ಅಗಿಯಲು ಕೊಡುವ ಬೇಯಿಸಿ ಒಣಗಿಸಿದ ಕಾಫಿ ಬೀಜದ ಪೊಟ್ಟಣ ತೆಗೆದು ನನಗೆ ಎರಡು ಕೊಟ್ಟು, ತಾವು ಎರಡು ಬಾಯಿಗೆ ಹಾಕಿಕೊಂಡರು. ಅದನ್ನೂ ಒಳಗೆ ತರುವಂತಿರಲಿಲ್ಲ. ಇಬ್ಬರೂ ಅಗಿದೆವು.

ಈಗ ಕೆಲಸದ ಮಾತು. ಗಾಜಿನ ಮನೆಯಲ್ಲಿ ನಿಂತದ್ದು ಹೊಲದಲ್ಲಿ ನಿಲ್ಲುತ್ತದೆ ಎನ್ನಲಾಗದು, ನಿಜವಾದ ಪರೀಕ್ಷೆ ಇನ್ನು ಮುಂದೆ. ಇವುಗಳಿಂದ ಹೊಸ ಕಡ್ಡಿ ತೆಗೆದು ಇಲ್ಲಿ ಬೆಳೆಸುತ್ತೇವೆ. ಕೆಲವು ಗಿಡಗಳನ್ನು ರೋಗ ಬಂದು ಮರ ಸತ್ತ ನೆಲದಲ್ಲೇ ನೆಟ್ಟು ವರ್ಷಗಟ್ಟಲೆ ನೋಡಬೇಕು. ಡಾಕ್ಟರ್ ಒಪಿಯೊ ನಿಮ್ಮ ಅಡುಗೆಮನೆ ಹಿಂದಿನ ಜಾಗವೇ ಆಗಲಿ ಎಂದರು. ಅಲ್ಲಿ ಈಗ ಅಪ್ಪನ ಅನಾನಸ್ ಕಾಯಿ ಕಟ್ಟುತ್ತಿದೆಯಂತೆ, ಟ್ಯಾಕ್ಸಿ ಹತ್ತಿಸಲು ಹೋದಾಗ ದಾರಿಯುದ್ದಕ್ಕೂ ಅಪ್ಪ ಅದನ್ನೇ ಹೊಗಳಿದರು. ಅವರ ಕಿವಿಗೆ ಈ ವಿಷಯ ಹಾಕುವ ಧೈರ್ಯ ನನಗಾಗಲಿಲ್ಲ. ಅದು ನಿಮ್ಮ ಪಾಲು.

ಸ್ವೆಟರ್ ಹಾಕಿಸಿಯೇ ಕಳಿಸಿದ್ದೇನೆ. ಸೆಕೆಯಲ್ಲೂ ಬಿಚ್ಚಲಿಲ್ಲ.

ನಿಮ್ಮ ಪೆರುಸಿ


ಬುಕೋಲೊ
18 ಏಪ್ರಿಲ್ 1999

ಮಗಳೇ ಪೆರುಸಿ,

ಈ ಸಲ ಕಾಗದವನ್ನು ಚರ್ಚಿನ ಮುಂದೆ ಓದಲಿಲ್ಲ. ಮನೆಗೆ ತಂದು ಬಾಗಿಲು ಹಾಕಿಕೊಂಡು ಓದಿದೆ. ನೇರಳೆ ನೀರಿನಿಂದ ಏನೂ ಆಗಲಿಲ್ಲವೆಂದು ಈಗ ಊರಿಗೆಲ್ಲ ನಾನೇ ಹೇಳಿದ್ದಾಯಿತು. ಯಾರೂ ನಂಬುತ್ತಿಲ್ಲ. ತಾಯಂದಿರ ಸಂಘದವರು, "ಮಿರಿಯಾಮು ಈಗ ಗುಟ್ಟು ಮುಚ್ಚಿಡ್ತಿದಾಳೆ" ಎನ್ನುತ್ತಾರೆ.

ನಿನ್ನ ಅಪ್ಪ ಸ್ವೆಟರ್ ತೊಟ್ಟುಕೊಂಡೇ ಅಂಗಡಿ ಕಟ್ಟೆಗೆ ಹೋಗುತ್ತಾನೆ. ಕಾಫಿ ಕಾಂಡದೊಳಗೆ ರೋಗ ಹೇಗೆ ಏರುತ್ತದೆ ಎಂದು ಕೈ ಆಡಿಸಿ ಭಾಷಣ ಮಾಡುತ್ತಾನೆ. ಅರ್ಧ ತಪ್ಪು ಹೇಳುತ್ತಾನೆಂದು ನನಗೂ ಅನುಮಾನ, ಆದರೆ ಕೇಳುವವರು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. "ನನ್ನ ಮಗಳು ಸಾವಿರ ಗಿಡ ಸಾಯಿಸಿದಾಳೆ" ಎನ್ನುವಾಗ ಅವನ ಎದೆ ನೋಡಬೇಕು.

ನೆಲದ ವಿಷಯ ಊಟ ಬಡಿಸುವಾಗ ಎತ್ತಿದೆ. ಹಸಿದಿದ್ದಾಗ ಗಂಡಸರ ಹತ್ತಿರ ಏನನ್ನೂ ಕೇಳಬೇಡ, ಇದನ್ನು ಸೆಂಗಾ ಆಗಿ ಹೇಳುತ್ತಿದ್ದೇನೆ. ಎರಡನೇ ಸಲ ಮಟೋಕೆ ಹಾಕಿಸಿಕೊಳ್ಳುವ ತನಕ ಕಾದು ಹೇಳಿದೆ.

"ಯಾವ ಜಾಗ?" ಎಂದ.

"ನೀನು ಚೊಕ್ಕ ಮಾಡಿದ ಜಾಗ."

"ಅಲ್ಲಿ ಅನಾನಸ್ ಇದೆ."

"ಇದೆ."

"ಇನ್ನೆರಡು ತಿಂಗಳಿಗೆ ಹಣ್ಣಾಗುತ್ತಕ್ಕ. ಇಡೀ ಸಾಲು. ನಿನಗೇ ಅಂತ ನೆಟ್ಟಿದ್ದು."

"ಮಳೆ ಕಾಯುತ್ತಾ ಎರಡು ತಿಂಗಳು?"

ತಟ್ಟೆ ಸರಿಸಿ ಎದ್ದು ಹೋದ. ಮಾರನೆಯ ದಿನ ಬರಲಿಲ್ಲ. ನೀರು ನಾನೇ ಹೊತ್ತೆ. ಮತ್ತೆ ಮಾತು ಬಿಟ್ಟನೇನೋ ಎಂದುಕೊಂಡೆ, ನಮ್ಮ ಮನೆತನದವರಿಗೆ ಅದೊಂದು ಚೆನ್ನಾಗಿ ಬರುತ್ತದೆ.

ಅದರ ಮರುದಿನ ಬೆಳಿಗ್ಗೆ ಹಿತ್ತಿಲಲ್ಲಿ ಗುದ್ದಲಿ ಸದ್ದು. ಕಿಟಕಿಯಿಂದ ನೋಡಿದರೆ ಯೊಸಾಮು ಒಂದೊಂದೇ ಅನಾನಸ್ ಗಿಡವನ್ನು ಸುತ್ತಲಿನ ಮಣ್ಣು ಸಮೇತ, ಕಾಯಿ ಅಲುಗದ ಹಾಗೆ ಎತ್ತಿ, ಮಗುವಿನ ಹಾಗೆ ಅಪ್ಪಿಕೊಂಡು ಮನೆ ಸುತ್ತಿ ಮುಂದಕ್ಕೆ ಒಯ್ಯುತ್ತಿದ್ದ. ಕೈಯೆಲ್ಲ ಗೀರು. ಎಲ್ಲಿಗೆ ಒಯ್ಯುತ್ತೀಯ ಎಂದು ಕೇಳಿದರೆ, "ಬಿಸಿಲಿರೋ ಜಾಗ ಬೇರೆ ಎಲ್ಲಿದೆ ನಿನ್ನ ಹತ್ರ?" ಎಂದು ನನಗೇ ಗದರಿದ. ಸಂಜೆಯ ಹೊತ್ತಿಗೆ ಹಿಂದೆ ಗುಂಡಿ ತೆಗೆದು ಮುಗಿಸಿದ್ದ. ಕಾಗದದ ಜೊತೆ ನೀನು ಬೇರೆ ಚೀಟಿಯಲ್ಲಿ ಬರೆದು ಕಳಿಸಿದ ಅಳತೆಗಿಂತ ದೊಡ್ಡದೇ ತೆಗೆದಿದ್ದಾನೆ. ತುಂಬುವ ಕೆಲಸ ನಿಮ್ಮ ಡಾಕ್ಟರದು.

ಅನಾನಸ್ ಬದುಕುತ್ತದೋ ಇಲ್ಲವೋ ಗೊತ್ತಿಲ್ಲ. ಆದರೆ ಈಗ ನನ್ನ ಮುಂಬಾಗಿಲಿಗೆ ಅಡ್ಡಲಾಗಿ ಮುಳ್ಳೆಲೆಯ ಸೈನ್ಯ ನಿಂತಿದೆ. ಭಾನುವಾರ ಪಾದ್ರಿಗಳ ನಿಲುವಂಗಿ ಹರಿಯಿತು. ಯೊಸಾಮು ಅವರಿಗೆ ಒಂದು ಹಣ್ಣು ಕೊಡುವುದಾಗಿ ಮಾತು ಕೊಟ್ಟಿದ್ದಾನೆ.

ಗಿಡಗಳನ್ನು ತರುವಾಗ ನೀನೂ ಡಾಕ್ಟರ್ ಒಪಿಯೊನೂ ಹಿಂಬಾಗಿಲಿನಿಂದ ಬನ್ನಿ.

ನಿನ್ನ ಸೆಂಗಾ, ನಂಬೂಸಿ